ಮಾವನ ಮನೆಯ ಬಂದೂಕು



ಕಳೆದ ತಿಂಗಳು ಗಜೇಂದ್ರಗಡದ ಕಡೆಯಿಂದ ನನ್ನ ಸೋದರಮಾವನ ಮೊಮ್ಮಗ ದೂರವಾಣಿ ಮಾಡಿದ್ದ. ಕುಶಲ ಪ್ರಶ್ನೆ, ಮಳೆ-ಬೆಳೆಯ ಮಾತು ಮುಗಿದ ಮೇಲೆ ಮೆಲ್ಲನೆ ವಿಷಯಕ್ಕೆ ಬಂದ. "ಮಾವಾರ, ಮನ್ಯಾಗಿನ ಬಂದೂಕಿನ ಲೈಸನ್ಸು ಮುಗಿಯಾಕ ಬಂದೈತ್ರಿ. ಮತ್ತ ಮಾಡಸೂಣೋ, ಸರಕಾರಕ್ಕ ಒಪ್ಪಿಸಿಬಿಡೂಣೋ? ಮನ್ಯಾಗ ಎರಡು ಮಾತು ನಡದಾವ. ನೀವು ಇತಿಹಾಸ ಕಲಿಸಿದವರು, ನೀವ ಹೇಳ್ರಿ" ಎಂದ. ಒಂದು ಹಳೆಯ ಬಂದೂಕಿಗೂ ಇತಿಹಾಸದ ಮಾಸ್ತರನಿಗೂ ಏನು ಸಂಬಂಧ ಎಂದು ನಕ್ಕು, "ವಿಚಾರ ಮಾಡಿ ಹೇಳತೇನಿ" ಎಂದೆ. ವಿಚಾರ ಮಾಡುತ್ತ ಹೋದಂತೆ ಸಂಬಂಧ ಬಹಳವಿದೆ ಎನಿಸಿತು. ಅವನಿಗೆ ಕೊಟ್ಟ ಉತ್ತರವನ್ನು ನಿಮ್ಮೊಡನೆಯೂ ಹಂಚಿಕೊಳ್ಳುತ್ತಿದ್ದೇನೆ.

ನನ್ನ ಮಾವ ಆ ಬಂದೂಕನ್ನು ಕೊಂಡದ್ದು 1960ರ ದಶಕದಲ್ಲಿ. ಆಗ ನಮ್ಮ ರೋಣ ತಾಲೂಕು ಧಾರವಾಡ ಜಿಲ್ಲೆಯಲ್ಲಿತ್ತು. ಗದಗ ಜಿಲ್ಲೆಯಾದದ್ದು 1997ರಲ್ಲಿ. ಲೈಸನ್ಸಿಗಾಗಿ ಮಾವ ಧಾರವಾಡದ ಕಲೆಕ್ಟರ್ ಕಚೇರಿಗೆ ಅಲೆದದ್ದು ಎಷ್ಟು ಸಲವೋ! ಗುಡ್ಡದ ಬುಡದ ಹೊಲ; ಕಾಡುಹಂದಿಗಳು ಶೇಂಗಾ ಅಗೆಯುತ್ತಿದ್ದವು, ಚಿಗರಿಯ ಹಿಂಡು ಬಿಳಿಜೋಳದ ಎಳೆಯ ಪೈರಿಗೆ ಇಳಿಯುತ್ತಿತ್ತು, ತೋಳ ಕುರಿಹಟ್ಟಿಗೆ ಬರುತ್ತಿತ್ತು. "ಬೆಳೆ ರಕ್ಷಣೆಗಾಗಿ" ಎಂದು ಅರ್ಜಿಯಲ್ಲಿ ಬರೆಸಿದ್ದರು. ಬಂದೂಕು ಮನೆಗೆ ಬಂದ ದಿನ ಅತ್ತೆಯವರು ಅದಕ್ಕೆ ಆರತಿ ಎತ್ತಿದ್ದು ನನಗೆ ಇನ್ನೂ ನೆನಪಿದೆ. ಪ್ರತಿವರ್ಷ ಖಂಡೇಪೂಜೆಯ ದಿನ ಕುಡಗೋಲು, ಕುಂಟೆ, ಕೂರಿಗೆಗಳ ಸಾಲಿನಲ್ಲಿ ಅದನ್ನೂ ಇಟ್ಟು ವಿಭೂತಿ ಹಚ್ಚುತ್ತಿದ್ದರು. ಕಬ್ಬಿಣದ ಭಾಗದ ಮೇಲೆ ಆರ್.ಎಫ್.ಐ. ಎಂಬ ಮೂರು ಇಂಗ್ಲಿಷ್ ಅಕ್ಷರಗಳಿದ್ದವು. ಅದರ ಅರ್ಥವನ್ನು ಆಗ ಊರಿನಲ್ಲಿ ಯಾರೂ ಬಲ್ಲವರಿರಲಿಲ್ಲ.

ಅದು ರೈಫಲ್ ಫ್ಯಾಕ್ಟರಿ ಇಛಾಪುರ. ಕೊಲ್ಕತ್ತೆಯ ಬಳಿ ಹೂಗ್ಲಿ ನದಿಯ ತೀರದಲ್ಲಿದೆ. ಮೊದಲು ಅಲ್ಲಿದ್ದದ್ದು ಈಸ್ಟ್ ಇಂಡಿಯಾ ಕಂಪನಿಯ ಮದ್ದಿನ ಕಾರ್ಖಾನೆ. ಅದೇ ಜಾಗದಲ್ಲಿ 1904ರಲ್ಲಿ ರೈಫಲ್ ಕಾರ್ಖಾನೆ ಆರಂಭವಾಯಿತು. ಮಾವನ ಬಂದೂಕು ಅಲ್ಲಿಯ ಪಾಯಿಂಟ್ 315 ಸ್ಪೋರ್ಟಿಂಗ್ ರೈಫಲ್. ಐದು ಕಾಡತೂಸು ಹಿಡಿಯುವ, ಬೋಲ್ಟ್ ಎಳೆದು ಹಾರಿಸುವ ಬೇಟೆ ಬಂದೂಕು.

ಬೋಲ್ಟ್ ಎಂದರೆ ಬೇರೇನಲ್ಲ, ಅಗಳಿ. ಬಾಗಿಲ ಅಗಳಿಯನ್ನು ಎತ್ತಿ, ಹಿಂದಕ್ಕೆಳೆದು, ಮತ್ತೆ ಮುಂದೂಡಿ, ಕೆಳಕ್ಕೊತ್ತಿದಂತೆಯೇ ಇಲ್ಲಿಯೂ. ಎತ್ತಿ ಹಿಂದಕ್ಕೆಳೆದರೆ ಹಾರಿಸಿದ ಕಾಡತೂಸಿನ ಖಾಲಿ ಕೊಳವೆ ಹೊರಬೀಳುತ್ತದೆ. ಮುಂದೂಡಿದರೆ ಕೆಳಗಿನ ಪೆಟ್ಟಿಗೆಯಿಂದ ಹೊಸ ಕಾಡತೂಸು ನಳಿಗೆಯೊಳಗೆ ಸೇರುತ್ತದೆ. ಕೆಳಕ್ಕೊತ್ತಿದರೆ ಅಗಳಿಯ ಹಲ್ಲುಗಳು ಕಚ್ಚಿಕೊಂಡು ಬಾಗಿಲು ಭದ್ರವಾಗುತ್ತದೆ. ಪ್ರಷ್ಯದ ಡ್ರೈಸೆ ಎಂಬಾತ ಮಾಡಿದ ಇಂಥ ಬಂದೂಕನ್ನು ಅಲ್ಲಿಯ ಸೈನ್ಯ 1841ರಲ್ಲಿಯೇ ಒಪ್ಪಿಕೊಂಡಿತ್ತು. ಜರ್ಮನಿಯ ಮೌಸರ್ ಸೋದರರು ಅದನ್ನು ಬೆಳೆಸಿದರು. ಮಾವನ ಬಂದೂಕಿನ ಅಗಳಿ ಮಾತ್ರ ಇನ್ನೊಬ್ಬನದು. ಸ್ಕಾಟ್ಲೆಂಡಿನಲ್ಲಿ 1831ರಲ್ಲಿ ಹುಟ್ಟಿ, ಬಾಲ್ಯದಲ್ಲಿಯೇ ಕೆನಡಾಕ್ಕೆ ಹೋಗಿ, ಅಮೆರಿಕದಲ್ಲಿ ಕೆಲಸ ಮಾಡಿದ ಜೇಮ್ಸ್ ಪ್ಯಾರಿಸ್ ಲೀ ಅದನ್ನು ರೂಪಿಸಿದ. ಮೌಸರಿನ ಅಗಳಿಯ ಹಲ್ಲುಗಳು ಮುಂದಿನ ತುದಿಯಲ್ಲಿ, ಲೀಯವು ಹಿಂಭಾಗದಲ್ಲಿ. ಆದ್ದರಿಂದ ಲೀಯ ಅಗಳಿಯನ್ನು ಬಹಳ ಹಿಂದಕ್ಕೆ ಎಳೆಯಬೇಕಿಲ್ಲ; ಬೇಗ ಬೇಗ ಹಾರಿಸಬಹುದು. ಬ್ರಿಟಿಷ್ ಸೈನ್ಯ 1888ರಲ್ಲಿ ಇದನ್ನು ಒಪ್ಪಿತು. 1895ರಲ್ಲಿ ನಳಿಗೆಯ ಒಳಗಿನ ಗೆರೆಗಳನ್ನು ಬದಲಿಸಿ, ಅವು ಸಿದ್ಧವಾದ ಕಾರ್ಖಾನೆಯ ಹೆಸರನ್ನು ಸೇರಿಸಿ "ಲೀ-ಎನ್‌ಫೀಲ್ಡ್" ಎಂದು ಕರೆದರು. ಇದೇ ಪ್ರಸಿದ್ಧವಾದ ಪಾಯಿಂಟ್ 303. ಎರಡು ಮಹಾಯುದ್ಧಗಳಲ್ಲಿ ನಮ್ಮ ಸಿಪಾಯಿಗಳ ಕೈಯಲ್ಲಿ, ಆಮೇಲೆ ದಶಕಗಳ ಕಾಲ ಪೊಲೀಸರ ಹೆಗಲ ಮೇಲೆ ಇದ್ದದ್ದು ಅದೇ.

ಎನ್‌ಫೀಲ್ಡ್ ಎಂದೊಡನೆ ನಮ್ಮ ಹುಡುಗರ ಕಿವಿ ನಿಮಿರುತ್ತದೆ ಎಂದು ಬಲ್ಲೆ. ನಿಮ್ಮ ಬುಲೆಟ್ ಮೋಟಾರ್ ಸೈಕಲ್ಲಿಗೆ ಆ ಹೆಸರು ಬಂದದ್ದು ಈ ಬಂದೂಕಿನ ಕಾರ್ಖಾನೆಯಿಂದಲೇ. ಲಂಡನ್ನಿನ ಹತ್ತಿರದ ಎನ್‌ಫೀಲ್ಡಿನಲ್ಲಿದ್ದ ಸರಕಾರಿ ಶಸ್ತ್ರ ಕಾರ್ಖಾನೆಗೆ ಬಿಡಿಭಾಗ ಒದಗಿಸುತ್ತಿದ್ದ ರೆಡಿಚ್ ಊರಿನ ಸೈಕಲ್ ತಯಾರಕರು ತಮ್ಮ ಸೈಕಲ್ಲಿಗೆ "ರಾಯಲ್ ಎನ್‌ಫೀಲ್ಡ್" ಎಂದು ಹೆಸರಿಟ್ಟರು. ಬಂದೂಕಿನಂತೆ ತಯಾರಾದದ್ದು ಎಂದು ಜಾಹೀರಾತು ಮಾಡಿದರು. ಆ ಹೆಸರು 1955ರಲ್ಲಿ ಮದರಾಸಿಗೆ ಬಂದು ನಮ್ಮದೇ ಆಯಿತು. ಬರ್ಮಿಂಗ್‌ಹ್ಯಾಮಿನ ಬಂದೂಕು ಕಸುಬುದಾರರು ಕೂಡಿ 1861ರಲ್ಲಿ ಕಟ್ಟಿದ ಬಿ.ಎಸ್.ಎ. ಸಂಸ್ಥೆಯದೂ ಇದೇ ದಾರಿ; ಅದೂ ಬಂದೂಕಿನಿಂದ ಸೈಕಲ್ಲಿಗೆ, ಮೋಟಾರ್ ಸೈಕಲ್ಲಿಗೆ ಬೆಳೆಯಿತು. ಲೀಯ ಅಗಳಿಯನ್ನೇ ಬಳಸಿ ಸೊಗಸಾದ ಬೇಟೆ ರೈಫಲ್‌ಗಳನ್ನು ಅವರೂ ಮಾರಿದರು. ಮಾವನ ಬಂದೂಕು ಆ ಮನೆತನದ ಕುಡಿ.

ಈಗ ಮುಖ್ಯ ಪ್ರಶ್ನೆ. ಸೈನ್ಯದ್ದು ಪಾಯಿಂಟ್ 303, ಮಾವನದು ಪಾಯಿಂಟ್ 315. ಎರಡಕ್ಕೂ ಅಗಳಿ ಒಂದೇ, ಇಛಾಪುರದ ಕಾರ್ಖಾನೆಯೂ ಒಂದೇ. ನಳಿಗೆಯ ಬಾಯಿ ಮಾತ್ರ ಬೇರೆ. ಲೆಕ್ಕ ಮಾಡಿ ನೋಡಿ: 0.303 ಅಂಗುಲವೆಂದರೆ 7.7 ಮಿಲಿಮೀಟರ್, 0.315 ಅಂಗುಲವೆಂದರೆ 8 ಮಿಲಿಮೀಟರ್. ವ್ಯತ್ಯಾಸ 0.3 ಮಿಲಿಮೀಟರ್, ನಮ್ಮ ಶಾಲೆಯ ನೋಟುಬುಕ್ಕಿನ ಮೂರು ಹಾಳೆಗಳ ದಪ್ಪ. ಹಂದಿಗಾಗಲಿ ತೋಳಕ್ಕಾಗಲಿ ಈ ಅಂತರದಿಂದ ಏನೂ ಆಗದು. ಹಾಗಾದರೆ ಅದೇಕೆ ಬೇಕಾಯಿತು?

ಆಳುವವರ ಭಯಕ್ಕೆ ಬೇಕಾಯಿತು. ಸೈನ್ಯದ ಕಾಡತೂಸು ಪ್ರಜೆಯ ಬಂದೂಕಿಗೆ ಕೂಡಬಾರದು. ಕೂಡಿದರೆ ಠಾಣೆಯಿಂದಲೋ ದಂಡಿನಿಂದಲೋ ಕದ್ದ ಕಾಡತೂಸು ನಾಳೆ ಸರಕಾರದ ಮೇಲೆಯೇ ತಿರುಗೀತು. ಈ ಕಾರಣಕ್ಕೆ ಸೈನ್ಯದ ಅಳತೆಯ ಬಂದೂಕುಗಳನ್ನು ಜನಸಾಮಾನ್ಯರಿಗೆ ಕೊಡುತ್ತಿರಲಿಲ್ಲ. 1907ರಲ್ಲಿ ಪಾಯಿಂಟ್ 450 ಅಳತೆಯ ಬೇಟೆ ರೈಫಲ್‌ಗಳನ್ನು ಭಾರತದಲ್ಲಿ ನಿಷೇಧಿಸಿದಾಗ ವಿಲಾಯತಿಯ ಬಂದೂಕು ತಯಾರಕರು ಪಾಯಿಂಟ್ 465, ಪಾಯಿಂಟ್ 470 ಎಂದು ಹೊಸ ಅಳತೆಗಳನ್ನೇ ಹುಟ್ಟಿಸಬೇಕಾಯಿತು. ಪಾಯಿಂಟ್ 315 ಎಂಬುದು ಮೂಲತಃ ಆಸ್ಟ್ರಿಯಾ ಸೈನ್ಯದ ಮ್ಯಾನ್‌ಲಿಖರ್ ಬಂದೂಕಿನ ಕಾಡತೂಸು. ಭಾರತದಲ್ಲಿ ಯಾವ ದಂಡಿನ ಬಳಿಯೂ ಇರದ ಅಳತೆ ಎಂಬುದೇ ಇಲ್ಲಿ ಅದರ ಯೋಗ್ಯತೆಯಾಯಿತು.

ಈ ಭಯ ಹುಟ್ಟಿದ್ದೆಲ್ಲಿ ಎಂದು ಕೇಳಿದರೆ ನಾವು ದೂರ ಹೋಗಬೇಕಾಗಿಲ್ಲ. ಉತ್ತರದಲ್ಲಿ ಸಿಪಾಯಿಗಳು ಎದ್ದದ್ದು 1857ರಲ್ಲಿ, ಅದೇ ಎನ್‌ಫೀಲ್ಡ್ ಹೆಸರಿನ ಹಳೆಯ ಬಂದೂಕಿನ ಕೊಬ್ಬು ಸವರಿದ ಕಾಡತೂಸಿನ ನೆಪದಿಂದ. ಆ ವರ್ಷವೇ ನಿಶ್ಶಸ್ತ್ರೀಕರಣ ಕಾಯಿದೆ ಬಂತು: ಮನೆಯಲ್ಲಿರುವ ಆಯುಧಗಳನ್ನು ದಾಖಲೆ ಮಾಡಿಸಿ ಪರವಾನಿಗೆ ಪಡೆಯಿರಿ, ಇಲ್ಲವೇ ಒಪ್ಪಿಸಿರಿ. ಮುಧೋಳ ಸಂಸ್ಥಾನದ ಹಲಗಲಿಯ ಬೇಡರಿಗೆ ಆಯುಧವೆಂದರೆ ಅನ್ನ, ಆಯುಧವೆಂದರೆ ಮಾನ. ಅವರು ಒಪ್ಪಿಸಲಿಲ್ಲ. ನವೆಂಬರ್ ಕೊನೆಯಲ್ಲಿ ದಂಡು ಬಂದು ಊರಿಗೆ ಬೆಂಕಿಯಿಟ್ಟಿತು. ಅನೇಕರು ಹೋರಾಟದಲ್ಲಿ ಸತ್ತರು. ಡಿಸೆಂಬರಿನಲ್ಲಿ 19 ಜನರನ್ನು ಗಲ್ಲಿಗೇರಿಸಲಾಯಿತು, 13 ಜನರನ್ನು ಮುಧೋಳದಲ್ಲಿ, 6 ಜನರನ್ನು ಹಲಗಲಿಯಲ್ಲಿ. ಫ್ಲೀಟ್ ಸಾಹೇಬರು ಸಂಗ್ರಹಿಸಿದ ಲಾವಣಿಗಳಲ್ಲಿ ಈ ಕಥೆ ಉಳಿದಿದೆ. ನಿಮ್ಮಲ್ಲಿ ಹಲವರು ಅದನ್ನು ತರಗತಿಯಲ್ಲಿ ನನ್ನಿಂದ ಕೇಳಿದ್ದೀರಿ.

ಆರು ತಿಂಗಳ ನಂತರ ನಮ್ಮ ನರಗುಂದ. ಭಾಸ್ಕರರಾವ್ ಭಾವೆ, ಅಂದರೆ ಬಾಬಾಸಾಹೇಬರಿಗೆ ದತ್ತಕದ ಹಕ್ಕನ್ನು ಸರಕಾರ ನಿರಾಕರಿಸಿತ್ತು. ಅದರ ಮೇಲೆ ತೋಪುಗಳನ್ನೂ ಮದ್ದನ್ನೂ ಒಪ್ಪಿಸಬೇಕೆಂಬ ಒತ್ತಾಯ. ಅತ್ತ ಮುಂಡರಗಿಯ ಭೀಮರಾಯರು ಹಮ್ಮಿಗೆಯಲ್ಲಿ ಕೂಡಿಟ್ಟ ಶಸ್ತ್ರಗಳು ಸರಕಾರದ ಕಣ್ಣಿಗೆ ಬಿದ್ದು, 1858ರ ಮೇ ತಿಂಗಳಲ್ಲಿ ಅವರು ಡಂಬಳದ ಖಜಾನೆಯನ್ನು ಲೂಟಿ ಮಾಡಿ ಕೊಪ್ಪಳದ ಕೋಟೆ ಸೇರಿದ್ದರು. ಮೇ 29ರ ರಾತ್ರಿ ಸುರೇಬಾನದಲ್ಲಿ ತಂಗಿದ್ದ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್‌ನನ್ನು ನರಗುಂದದವರು ಕೊಂದರು. ಜೂನ್ ಮೊದಲ ದಿನಗಳಲ್ಲಿಯೇ ಕೊಪ್ಪಳವೂ ನರಗುಂದವೂ ಬಿದ್ದವು. ಭೀಮರಾಯರು ಕಾದಾಡಿ ಮಡಿದರು. ಬಾಬಾಸಾಹೇಬರನ್ನು ಜೂನ್ 12ರಂದು ಬೆಳಗಾವಿಯಲ್ಲಿ ಗಲ್ಲಿಗೇರಿಸಲಾಯಿತು. ಅವರ ತಾಯಿಯೂ ಮಡದಿಯೂ ಮಲಪ್ರಭೆಯ ಪಾಲಾದರು. ನಾನು ನರಗುಂದದಲ್ಲಿ ಕಲಿಸುತ್ತಿದ್ದಾಗ ಈ ಪಾಠವನ್ನು ಕಿಟಕಿಯಿಂದ ಗುಡ್ಡ ತೋರಿಸಿಯೇ ಹೇಳುತ್ತಿದ್ದೆ. ಒಮ್ಮೆ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದುನಿಂತು, "ಸರ್, ಬಂದೂಕು ಕೊಟ್ಟಬಿಟ್ಟಿದ್ರ ಎಲ್ಲಾರೂ ಬದುಕತಿದ್ರಲ್ರೀ?" ಎಂದು ಕೇಳಿದ. ಆ ದಿನ ನನಗೆ ಸರಿಯಾದ ಉತ್ತರ ಹೊಳೆಯಲಿಲ್ಲ.

ಮುಂದೆ 1878ರಲ್ಲಿ ಲಿಟ್ಟನ್ ಕಾಲದ ಶಸ್ತ್ರ ಕಾಯಿದೆ ಬಂತು. ಭಾರತೀಯನಿಗೆ ಪರವಾನಿಗೆ ಬೇಕು, ಯುರೋಪಿಯನ್ನನಿಗೆ ವಿನಾಯಿತಿ. ನಮ್ಮ ಕನ್ನಡನಾಡಿನಲ್ಲಿಯೇ ಕೊಡಗಿನವರಿಗೆ 1861ರಲ್ಲಿ ವಿನಾಯಿತಿ ಸಿಕ್ಕಿತ್ತು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಅದು ಇಂದಿಗೂ ಇದೆ, 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಲಾಗಿದೆ. ಸರಕಾರ ಯಾರನ್ನು ನಂಬಿತು, ಯಾರನ್ನು ನಂಬಲಿಲ್ಲ ಎಂಬುದು ಹೀಗೆ ಬಂದೂಕಿನ ಮೇಲೆ ಬರೆದಿದೆ.

ಸ್ವಾತಂತ್ರ್ಯಾನಂತರ 1959ರ ಶಸ್ತ್ರ ಕಾಯಿದೆ ಹಳೆಯ ಜನಾಂಗಭೇದವನ್ನು ಅಳಿಸಿತು. ಆದರೆ ನಿಷೇಧಿತ ಬೋರ್ ಎಂಬ ಗೆರೆ ಉಳಿಯಿತು: ಪಾಯಿಂಟ್ 303 ಗೆರೆಯ ಆಚೆ, ಪಾಯಿಂಟ್ 315 ಈಚೆ. ಕಾರ್ಖಾನೆಯ ಒಡೆತನ ಬದಲಾಯಿತು. ಈಗ ಇಛಾಪುರವು 2021ರಲ್ಲಿ ರಚನೆಯಾದ ಸರಕಾರಿ ಕಂಪನಿಯೊಂದರ ಅಂಗ. ಕಾಡಿನ ನ್ಯಾಯವೂ ಬದಲಾಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ನಂತರ ಚಿಗರಿಗೂ ತೋಳಕ್ಕೂ ಬಂದೂಕು ಎತ್ತುವುದು ಅಪರಾಧ. ಮಾವ ಅದನ್ನು ಗೌರವದಿಂದ ಪಾಲಿಸಿದರು. ಆಮೇಲೆ ಬಂದೂಕು ಹೊರಬರುತ್ತಿದ್ದದ್ದು ಎರಡೇ ಸಂದರ್ಭಗಳಲ್ಲಿ. ಒಂದು ಖಂಡೇಪೂಜೆ, ಇನ್ನೊಂದು ಚುನಾವಣೆ.

ಚುನಾವಣೆ ಘೋಷಣೆಯಾದೊಡನೆ ಲೈಸನ್ಸುದಾರರು ಬಂದೂಕನ್ನು ಠಾಣೆಯಲ್ಲಿ ಇಡಬೇಕೆಂಬ ಆದೇಶ ಬರುವುದು ನಿಮಗೆ ಗೊತ್ತಿದೆ. ಮಾವ ಇಸ್ತ್ರಿ ಧೋತರ ಉಟ್ಟು, ಬಂದೂಕನ್ನು ಹಳೆಯ ಕಂಬಳಿಯಲ್ಲಿ ಸುತ್ತಿ ಬಸ್ಸಿನಲ್ಲಿ ಒಯ್ದು ಕೊಟ್ಟು, ರಸೀದಿ ತರುತ್ತಿದ್ದರು. ಒಮ್ಮೆ ನಾನೂ ಜೊತೆಗೆ ಹೋಗಿದ್ದೆ. ಮರಳುವಾಗ ಹಲಗಲಿಯ ನೆನಪಾಗಿ, "ಮಾವಾ, ಕೊಡುವಾಗ ಕೆಡುಕೆನಿಸೂದಿಲ್ಲೇನು?" ಎಂದು ಕೇಳಿದೆ. ಅವರು ನಕ್ಕರು. "ನಾ ಬಂದೂಕು ಇಟಗೊಂಡು ಕುಂತ್ರ, ನಮ್ಮ ಕೇರಿಯಾಂವ ಅಂಜದ ಓಟು ಹ್ಯಾಂಗ ಹಾಕ್ಯಾನು?" ಎಂದರು.

ಹಿಂದಿನ ಬೆಂಚಿನ ಆ ಹುಡುಗನಿಗೆ ನಾನು ಕೊಡಬೇಕಾಗಿದ್ದ ಉತ್ತರ ಇದೇ ಎನಿಸುತ್ತದೆ. ಹಲಗಲಿಯವರನ್ನು ಯಾರೂ ಕೇಳಲಿಲ್ಲ, ಕಾಯಿದೆ ಅವರದಾಗಿರಲಿಲ್ಲ. ಮಾವ ಕೊಟ್ಟದ್ದು ತನ್ನ ಮತದಿಂದ ಬಂದ ಕಾಯಿದೆಗೆ, ನೆರೆಯವನ ನಿರ್ಭಯಕ್ಕಾಗಿ. ನಮ್ಮದೇ ಸರಕಾರವಾದ ಮಾತ್ರಕ್ಕೆ ಎಲ್ಲವೂ ಸರಿಯಾಯಿತೆಂದು ನಾನು ಹೇಳಲಾರೆ. 1980ರ ಜುಲೈ 21ರಂದು ನರಗುಂದ-ನವಲಗುಂದಗಳಲ್ಲಿ ನೀರಾವರಿ ಕರದ ವಿರುದ್ಧ ಎದ್ದ ರೈತರ ಮೇಲೆ ಗೋಲೀಬಾರ್ ಆಯಿತು. ಆ ಗಲಭೆಯಲ್ಲಿ ರೈತರೂ ಪೊಲೀಸರೂ ಪ್ರಾಣ ಕಳೆದುಕೊಂಡರು. ಆದರೂ ಅಂದಿನ ರೈತರು ಬಂದೂಕು ಹುಡುಕಲಿಲ್ಲ. ಸಂಘಟನೆ ಕಟ್ಟಿದರು, ಮತಪೆಟ್ಟಿಗೆಗೆ ಹೋದರು. 1983ರಲ್ಲಿ ರಾಜ್ಯದ ಸರಕಾರವೇ ಬದಲಾಯಿತು.

ಇಷ್ಟನ್ನೂ ಹೇಳಿ ಮೊಮ್ಮಗನಿಗೆ ಹೀಗೆಂದೆ: "ಮನೆಯಲ್ಲಿ ಸಣ್ಣ ಮಕ್ಕಳಿದ್ದಾರೆ, ಹಾರಿಸುವ ಕೆಲಸ ಉಳಿದಿಲ್ಲ. ಮನಸಾರೆ ಒಪ್ಪಿಸು. ಆದರೆ ತುಕ್ಕಿನ ಕಬ್ಬಿಣ ಹೊರಗೆ ಹಾಕಿದಂತೆ ಕೊಡಬೇಡ. ಆ ಮೂರು ಹಾಳೆಯ ದಪ್ಪದ ಅಂತರದಲ್ಲಿ ಹಲಗಲಿಯೂ ನರಗುಂದವೂ ಇವೆ ಎಂದು ಮಕ್ಕಳಿಗೆ ಹೇಳಿ ಕೊಡು. ಅಜ್ಜನ ಲೈಸನ್ಸು ಪುಸ್ತಕದ ಒಂದು ನಕಲು ತೆಗೆದಿಟ್ಟುಕೋ."

ಮೊನ್ನೆ ಮತ್ತೆ ದೂರವಾಣಿ ಬಂತು. "ಈ ಖಂಡೇಪೂಜಿ ಒಂದು ಮುಗೀಲ್ರಿ ಮಾವಾರ, ಆಮ್ಯಾಲ ಕೊಟ್ಟ ಬರತೇನಿ. ನೀವೂ ಬರ್ರಿ" ಎಂದ. ಆರೋಗ್ಯ ಕೈಕೊಡದಿದ್ದರೆ ಹೋಗಬೇಕೆಂದಿದ್ದೇನೆ. ರೋಣ, ಗಜೇಂದ್ರಗಡದ ಕಡೆಯ ನನ್ನ ಹಳೆಯ ವಿದ್ಯಾರ್ಥಿಗಳು ಆ ದಿನ ಸಿಕ್ಕರೆ ಬನ್ನಿ ಹಂಚಿಕೊಂಡು ಎರಡು ಮಾತಾಡೋಣ.