ಮಂಡಿನೋವನ್ನು ಅಳೆದ ಬಗೆ

ವಿಟ್ಲದ ತೋಟಗಳಲ್ಲಿ ಬಿದ್ದ ಅಡಿಕೆ ಹೆಕ್ಕಲು ಬಗ್ಗಬೇಕು, ಕುಕ್ಕರಗಾಲಿನಲ್ಲಿ ಕೂರಬೇಕು. ಮಂಡಿಯ ಮೃದ್ವಸ್ಥಿ ಸವೆದವರಿಗೆ ಇದು ಬಹಳ ಕಷ್ಟ. ಈ ಕಷ್ಟವನ್ನು ಅಳೆಯುವುದು ಹೇಗೆ? ಭೌತವಿಜ್ಞಾನದಲ್ಲಿ ಅಳೆಯುವ ಮೊದಲು, ಅಳೆಯಬೇಕಾದುದು ಏನೆಂಬುದನ್ನು ಖಚಿತಪಡಿಸಿಕೊಳ್ಳುತ್ತೇವೆ. ಮಂಡಿನೋವಿನ ವಿಷಯದಲ್ಲಿ ಅದಕ್ಕೆ ದಶಕಗಳೇ ಹಿಡಿದವು.

1957ರಲ್ಲಿ ಇಂಗ್ಲೆಂಡಿನ ಕೆಲ್‌ಗ್ರೆನ್ ಮತ್ತು ಲಾರೆನ್ಸ್, ಕ್ಷ-ಕಿರಣ ಚಿತ್ರ ನೋಡಿ ಕೀಲಿನ ಸವೆತಕ್ಕೆ 0ಯಿಂದ 4ರವರೆಗೆ ದರ್ಜೆ ನೀಡಿದರು. ಈ ಕ್ರಮ ಇಂದಿಗೂ ಬಳಕೆಯಲ್ಲಿದೆ. ಆದರೆ ಸವೆತ ಹೆಚ್ಚಿದ್ದೂ ನೋವು ಕಡಿಮೆ ಇರುವವರುಂಟು. ಸವೆತ ಕಡಿಮೆಯಿದ್ದೂ ನರಳುವವರುಂಟು.

ಆದ್ದರಿಂದ ರೋಗಿಯನ್ನೇ ಕೇಳುವ ಕ್ರಮ ಬಂತು. 1980ರ ದಶಕದಲ್ಲಿ ಕೆನಡಾದಲ್ಲಿ ನಿಕೊಲಸ್ ಬೆಲ್ಲಾಮಿ ಮತ್ತು ಸಂಗಡಿಗರು ರೂಪಿಸಿದ 'ವೊಮ್ಯಾಕ್' ಪ್ರಶ್ನಾವಳಿಯಲ್ಲಿ 24 ಪ್ರಶ್ನೆಗಳಿವೆ: ನೋವಿನ ಬಗ್ಗೆ 5, ಬಿಗಿತದ ಬಗ್ಗೆ 2, ದಿನನಿತ್ಯದ ಚಟುವಟಿಕೆಗಳ ಬಗ್ಗೆ 17. ಮೆಟ್ಟಿಲಿಳಿಯುವ ಪ್ರಶ್ನೆ ಅದರಲ್ಲಿದೆ. ಆಗ ಮಂಡಿಯ ಮೇಲೆ ದೇಹತೂಕದ ಸುಮಾರು 3.5 ಪಟ್ಟು ಬಲ ಬೀಳುವುದನ್ನು ಕೃತಕ ಮಂಡಿಯೊಳಗಿನ ಸಂವೇದಕಗಳು ಮುಂದೆ ತೋರಿಸಿಕೊಟ್ಟವು. ಕಾಲ್ಚೀಲ ಹಾಕುವುದು, ಕಾರು ಹತ್ತಿಳಿಯುವುದೂ ಇವೆ. ಚಕ್ಕಳಮಕ್ಕಳ ಹಾಕಿ ಕೂರುವುದು, ಕುಕ್ಕರಗಾಲಿನಲ್ಲಿ ಕೂರುವುದು ಮಾತ್ರ ಇಲ್ಲ.

1998ರಲ್ಲಿ ಸ್ವೀಡನ್ನಿನ ಇವಾ ರೂಸ್ ಮತ್ತು ಸಂಗಡಿಗರು ಪ್ರಕಟಿಸಿದ 'ಕೂಸ್' ಪ್ರಶ್ನಾವಳಿ, ಜೀವನದ ಗುಣಮಟ್ಟಕ್ಕೆ ಪ್ರತ್ಯೇಕ ವಿಭಾಗವನ್ನೇ ಕೊಟ್ಟಿತು. ಕುಕ್ಕರಗಾಲು, ಮಂಡಿಯೂರುವುದೂ ಅದರಲ್ಲಿ ಸೇರಿದವು, ಆದರೆ 'ಕ್ರೀಡೆ ಮತ್ತು ಮನರಂಜನೆ' ಎಂಬ ತಲೆಬರಹದ ಕೆಳಗೆ! ವಿಟ್ಲದ ಕೃಷಿಕರಿಗೋ ಅದು ನಿತ್ಯದ ದುಡಿಮೆ.

ನಿಮ್ಮ ಮನೆಯ ಹಿರಿಯರಿಗೆ ಮಂಡಿನೋವಿದ್ದರೆ, ವೈದ್ಯರಿಗೆ ಕ್ಷ-ಕಿರಣ ಚಿತ್ರ ತೋರಿಸುವುದರ ಜೊತೆಗೆ, ಯಾವ ಯಾವ ಕೆಲಸ ಮಾಡಲಾಗುತ್ತಿಲ್ಲ ಎಂಬುದನ್ನೂ ತಪ್ಪದೆ ತಿಳಿಸಿ. ಚಿಕಿತ್ಸೆ ಎಷ್ಟು ಫಲಿಸಿತೆಂದು ಅಳೆಯಲು ಅದೂ ಬೇಕು.