ಪಂಚಮಿ ಜೋಕಾಲಿಯೂ ಕೃಷ್ಣೆಯ ನೀರೂ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಸೀಮೆಯಲ್ಲಿ ಟಿಕೆಟ್ಟಿಲ್ಲದ ಮನರಂಜನೆಯೆಂದರೆ ಶ್ರಾವಣದ ನಾಗರ ಪಂಚಮಿ. ಜಿಟಿಜಿಟಿ ಮಳೆಯಲ್ಲೇ ಮರದ ಕೊಂಬೆಗೆ ಹಗ್ಗದ ಜೋಕಾಲಿ ಬೀಳುತ್ತದೆ. ತವರಿಗೆ ಬಂದ ಹೆಣ್ಣುಮಕ್ಕಳು ನಾಗಪ್ಪನಿಗೆ ಹಾಲೆರೆದು, ಅರಳು, ಉಂಡಿ, ತಂಬಿಟ್ಟು ಹಂಚಿ ಜೀಕುತ್ತಾರೆ. ಹುಡುಗರು ಪಂಥ ಕಟ್ಟಿ ನಿಂಬೆಹಣ್ಣು ಎಸೆಯುತ್ತಾರೆ.

ಆದರೆ ಇಲ್ಲಿಯ ಹೊಳೆಗಳು ಉಕ್ಕುವುದು ಊರ ಮಳೆಯೊಂದರಿಂದಲೇ ಅಲ್ಲ. ಕೃಷ್ಣಾ, ವೇದಗಂಗಾ, ದೂಧಗಂಗಾ ಮೂರೂ ಹುಟ್ಟುವುದು ಸಹ್ಯಾದ್ರಿಯಲ್ಲಿ. ಅಲ್ಲಿ ಮಳೆ ಜಡಿಯುವುದೂ ಪಂಚಮಿಯ ಆಸುಪಾಸಿನಲ್ಲೇ. ಸೇತುವೆ ಮುಳುಗಿದರೆ ತವರಿನ ದಾರಿ ಬಂದ್. 2019ರಲ್ಲಿ ಪಂಚಮಿ ಬಂದದ್ದು ಆಗಸ್ಟ್ 5ರಂದು. ಅದೇ ವಾರ ಮಹಾಪೂರ ಬಂದು, ನದಿದಂಡೆಯ ಎಷ್ಟೋ ಕುಟುಂಬಗಳು ದನಕರುಗಳೊಂದಿಗೆ ಪರಿಹಾರ ಕೇಂದ್ರ ಸೇರಿದವು. ಮಗಳನ್ನು ಕರೆತರಲು ಹೊರಡುವವರು ಮೊದಲು ವಿಚಾರಿಸಬೇಕಾದದ್ದು ಹೊಳೆಯ ನೀರನ್ನೇ.