ಕಾಂಕ್ರೀಟಿನ ಹೊದಿಕೆಯೂ ಉಕ್ಕಿನ ಆಯುಷ್ಯವೂ

ಕ್ರಿಸ್ತಪೂರ್ವ ಐದನೆಯ ಶತಮಾನದಲ್ಲಿ ಅಥೆನ್ಸಿನ ಪಾರ್ಥೆನಾನ್ ದೇವಾಲಯವನ್ನು ಕಟ್ಟಿದ ಶಿಲ್ಪಿಗಳು ಅಮೃತಶಿಲೆಯ ದಿಂಡುಗಳನ್ನು ಒಂದಕ್ಕೊಂದು ಬಿಗಿಯುವುದಕ್ಕೆ ಕಬ್ಬಿಣದ ಕೊಂಡಿಗಳನ್ನಿಟ್ಟು, ಅವುಗಳ ಸುತ್ತ ಸೀಸವನ್ನು ಕರಗಿಸಿ ಹೊಯ್ದರು. 1898ರಿಂದ 1933ರ ವರೆಗೆ ಅಲ್ಲಿ ಜೀರ್ಣೋದ್ಧಾರವನ್ನು ನಡೆಯಿಸಿದ ನಿಕೊಲಾಸ್ ಬಲಾನೊಸ್ ಎಂಬ ಎಂಜಿನಿಯರನು ಕಬ್ಬಿಣವನ್ನು ಹೇರಳವಾಗಿ ಉಪಯೋಗಿಸಿದನು. ಆದರೆ ಸೀಸದ ಹೊದಿಕೆಯನ್ನು ಬಿಟ್ಟನು. ಕೆಲವು ದಶಕಗಳಲ್ಲಿಯೇ ಆ ಕಬ್ಬಿಣವು ತುಕ್ಕು ಹಿಡಿದು ಉಬ್ಬಿ ಶಿಲೆಯನ್ನು ಸೀಳಿತು. 1975ರಲ್ಲಿ ನೇಮಕವಾದ ಸಮಿತಿಯ ಮೇಲ್ವಿಚಾರಣೆಯಲ್ಲಿ ಅದನ್ನು ಕಿತ್ತು ಟೈಟೇನಿಯಮ್ ಲೋಹವನ್ನಿಡಬೇಕಾಯಿತು. ಕಾಂಕ್ರೀಟಿನೊಳಗಿನ ಉಕ್ಕಿನ ಚರಿತ್ರೆಯೂ ಬಹುಮಟ್ಟಿಗೆ ಇದೇ ಬಗೆಯದು.

ಫ್ರಾನ್ಸಿನ ತೋಟಗಾರ ಜೋಸೆಫ್ ಮೋನಿಯೆಯು 1867ರಲ್ಲಿ ಕಬ್ಬಿಣದ ಜಾಲರಿಯ ಸುತ್ತ ಸಿಮೆಂಟನ್ನು ಬಳಿದ ಗಿಡದ ತೊಟ್ಟಿಗಳಿಗೆ ಸನ್ನದು ಪಡೆದನು. 1892ರಲ್ಲಿ ಫ್ರಾನ್ಸ್ವಾ ಎನೆಬಿಕನು ಕಂಬ, ತೊಲೆ, ಚಾವಣಿಗಳನ್ನು ಒಂದೇ ಅಖಂಡವಾಗಿ ಎರಕ ಹೊಯ್ಯುವ ಪದ್ಧತಿಗೆ ಸನ್ನದು ಪಡೆದನು. ಸಿಮೆಂಟಿನೊಳಗೆ ಹುದುಗಿದ ಕಬ್ಬಿಣವು ತುಕ್ಕು ಹಿಡಿಯದೆಂಬುದು ಆ ಕಾಲದವರ ಅನುಭವವಾಗಿತ್ತು. ಅನುಭವವು ನಿಜವೇ, ಅದರ ಅವಧಿ ಮಾತ್ರ ಅವರಿಗೆ ತಿಳಿದಿರಲಿಲ್ಲ.

ಹೊಸ ಕಾಂಕ್ರೀಟು ತೀಕ್ಷ್ಣವಾದ ಕ್ಷಾರಗುಣವುಳ್ಳದ್ದು. ಆ ಕ್ಷಾರದಲ್ಲಿ ಉಕ್ಕಿನ ಮೈಮೇಲೆ ಅತಿಸೂಕ್ಷ್ಮವಾದ ಒಂದು ಪೊರೆ ಕಟ್ಟಿಕೊಂಡು ಅದನ್ನು ಕಾಪಾಡುತ್ತದೆ. ಆದರೆ ವಾಯುವಿನಲ್ಲಿರುವ ಇಂಗಾಲಾಮ್ಲವು ಕಾಂಕ್ರೀಟಿನ ರಂಧ್ರಗಳೊಳಗೆ ಮೆಲ್ಲಮೆಲ್ಲನೆ ಇಳಿದು ಕ್ಷಾರವನ್ನು ಸುಣ್ಣಕಲ್ಲಿನ ದ್ರವ್ಯವಾಗಿ ಮಾರ್ಪಡಿಸುತ್ತದೆ. ಈ ಮಾರ್ಪಾಟು ಸಲಾಕೆಯನ್ನು ಮುಟ್ಟಿದಂದಿಗೆ ಪೊರೆಯು ಅಳಿಯುವುದು. ನೀರೂ ಆಮ್ಲಜನಕವೂ ಒದಗಿದರೆ ತುಕ್ಕು ತೊಡಗುವುದು. ಇಳಿಯುವ ಆಳವು ಕಾಲದ ವರ್ಗಮೂಲವನ್ನು ಅನುಸರಿಸುತ್ತದೆ ಎಂಬುದು ಇಲ್ಲಿ ಮುಖ್ಯವಾದ ಮಾತು. 20 ಮಿಲಿಮೀಟರು ಇಳಿಯಲು 40 ವರ್ಷ ಹಿಡಿಯುವ ಕಾಂಕ್ರೀಟಿನಲ್ಲಿ 10 ಮಿಲಿಮೀಟರು ಇಳಿಯಲು 10 ವರ್ಷ ಸಾಕು. ಹೊದಿಕೆ ಅರ್ಧವಾದರೆ ರಕ್ಷಣೆಯ ಕಾಲವು ಕಾಲುಭಾಗಕ್ಕೆ ಇಳಿಯುತ್ತದೆ. ತುಕ್ಕು ತಾನು ನುಂಗಿದ ಕಬ್ಬಿಣಕ್ಕಿಂತ ಎರಡರಿಂದ ಆರು ಪಾಲು ಹೆಚ್ಚು ಸ್ಥಳವನ್ನು ಬೇಡುವುದರಿಂದ, ತೆಳುವಾದ ಹೊದಿಕೆ ಸಲಾಕೆಯ ಉದ್ದಕ್ಕೂ ಬಿರಿದು, ಕಡೆಗೆ ಚಕ್ಕೆಯಾಗಿ ಉದುರುತ್ತದೆ. ಆ ಮೇಲೆ ಉಕ್ಕು ಸವೆಯುವುದರ ಜೊತೆಗೆ ಅದಕ್ಕೂ ಕಾಂಕ್ರೀಟಿಗೂ ಇದ್ದ ಹಿಡಿತವೂ ಸಡಿಲುತ್ತದೆ.

ಇದರಲ್ಲಿ ಒಂದು ವಿಪರೀತವಿದೆ. ತೊಲೆಯ ಕೆಳಗಣ ಸಲಾಕೆಯು ಹೊರಮೈಗೆ ಸರಿದಷ್ಟೂ ಬಾಗನ್ನು ತಡೆಯುವ ಅದರ ಶಕ್ತಿ ಲೆಕ್ಕದಲ್ಲಿ ತುಸು ಹೆಚ್ಚುತ್ತದೆ. ಆದಕಾರಣ ಹೊದಿಕೆ ಕಡಮೆಯಾದ ತೊಲೆಯು ಕಟ್ಟಿದ ವರ್ಷ ಯಾವ ಭಾರಪರೀಕ್ಷೆಯಲ್ಲಿಯೂ ಸೋಲುವುದಿಲ್ಲ. ದೋಷವು ಪ್ರಕಟವಾಗುವ ವೇಳೆಗೆ ಕಟ್ಟಿದವರು ಇರುವುದೇ ಅಪರೂಪ.

ಪ್ಯಾರಿಸಿನ ಸಮೀಪದ ಲ ರೆನ್ಸಿಯಲ್ಲಿ ಒಗುಸ್ತ್ ಪೆರೆ ಮತ್ತು ಗುಸ್ತಾವ್ ಪೆರೆ ಸಹೋದರರು 1922-23ರಲ್ಲಿ ಕಟ್ಟಿದ ನೋತ್ರ್ ದಾಮ್ ಇಗರ್ಜಿಯು ಇದಕ್ಕೆ ಪ್ರಸಿದ್ಧವಾದ ನಿದರ್ಶನ. ಕಾಂಕ್ರೀಟನ್ನು ಗಾರೆಯಿಂದಲೂ ಕಲ್ಲಿನಿಂದಲೂ ಮರೆಮಾಡದೆ ದೇವಾಲಯದಲ್ಲಿ ಬರಿಮೈಯಾಗಿ ನಿಲ್ಲಿಸಿದ ಧೈರ್ಯ ಅವರದು. ಸುಮಾರು 11 ಮೀಟರು ಎತ್ತರದ ಸಪೂರವಾದ ಕಂಬಗಳು, ಗೋಡೆಗಳ ಬದಲು ಅಚ್ಚಿನಲ್ಲಿ ಎರೆದ ಕಾಂಕ್ರೀಟಿನ ಜಾಲಂಧ್ರಗಳು, ಅವುಗಳೊಳಗೆ ಮೊರಿಸ್ ದೆನಿ ಮತ್ತು ಮಾರ್ಗರಿತ್ ಯುರೆ ಇವರ ವರ್ಣದ ಗಾಜುಗಳು. ಆ ಜಾಲಂಧ್ರಗಳ ಸೊಗಸೆಲ್ಲ ತೆಳುವಿನಲ್ಲಿದೆ. ತೆಳುವಾದುದರಿಂದಲೇ ಉಕ್ಕಿಗೆ ಸಾಕಷ್ಟು ಹೊದಿಕೆ ದೊರೆಯಲಿಲ್ಲ. 1966ರಲ್ಲಿ ಸರ್ಕಾರವು ಕಟ್ಟಡವನ್ನು ಸಂರಕ್ಷಿತ ಸ್ಮಾರಕವೆಂದು ಸಾರಿತು. ಶತಮಾನದ ಕೊನೆಯ ವೇಳೆಗೆ ಶಿಥಿಲವಾದ ಅನೇಕ ಭಾಗಗಳನ್ನು ತೆಗೆದು ಹೊಸದಾಗಿ ಎರೆದಿಡಬೇಕಾಯಿತು. ಗಾರೆಯನ್ನು ಮೆತ್ತಿ ಹೊದಿಕೆಯನ್ನು ದಪ್ಪಮಾಡಿದರೆ ಪೆರೆಯ ರೇಖೆಗಳು ಕೆಡುವುವು. ಹೊಸದನ್ನು ಎರೆದರೆ ಮೂಲದ್ರವ್ಯವೇ ಹೋಗುವುದು. ಶಿಥಿಲವಾದ ಓಲೆಗರಿಯನ್ನು ಪ್ರತಿಮಾಡುವವರಿಗೆ ಈ ತೊಡಕು ಅಪರಿಚಿತವಲ್ಲ. ಆದರೆ ಓಲೆಯು ಚಾವಣಿಯನ್ನು ಹೊತ್ತು ನಿಲ್ಲಬೇಕಾಗಿಲ್ಲ.

ಭಾರತದಲ್ಲಿ ಈ ವಿಷಯದ ತಿಳಿವಳಿಕೆ ಬದಲಾದ ಬಗೆಯನ್ನು ಭಾರತೀಯ ಮಾನಕ 456ರಲ್ಲಿ ಕಾಣಬಹುದು. 1978ರ ಆವೃತ್ತಿಯು ಸಾಧಾರಣ ಸ್ಥಿತಿಯಲ್ಲಿ ಚಾವಣಿಗೆ 15, ತೊಲೆಗೆ 25, ಕಂಬಕ್ಕೆ 40 ಮಿಲಿಮೀಟರುಗಳ ಕನಿಷ್ಠ ಹೊದಿಕೆಯನ್ನು ವಿಧಿಸಿತ್ತು. ಅಳತೆಗೆ ಅಂಗಭೇದವೇ ಮೊದಲ ಆಧಾರವಾಗಿದ್ದಿತು. 2000ದ ಆವೃತ್ತಿಯು ಕಟ್ಟಡವಿರುವ ಪರಿಸರವನ್ನು ಆಧಾರವಾಗಿಟ್ಟುಕೊಂಡು, ಸೌಮ್ಯವಾದಲ್ಲಿ 20, ಮಧ್ಯಮದಲ್ಲಿ 30, ತೀವ್ರವಾದಲ್ಲಿ 45, ಅತಿತೀವ್ರವಾದಲ್ಲಿ 50, ಪರಮಾವಧಿಯಲ್ಲಿ 75 ಮಿಲಿಮೀಟರು ಎಂದು ಗೊತ್ತುಮಾಡಿತು. ಕಾರವಾರ, ಮಂಗಳೂರುಗಳಂತಹ ಕರಾವಳಿಯ ಊರುಗಳಿಗೆ ಈ ಭೇದವು ಬಹಳ ದೊಡ್ಡದು. ಅಲ್ಲಿ ಸಮುದ್ರದ ಉಪ್ಪು ಒಳಸೇರಿ, ಕ್ಷಾರವು ಉಳಿದಿರುವಾಗಲೇ ಉಕ್ಕಿನ ಪೊರೆಯನ್ನು ಕೊರೆಯುತ್ತದೆ.

ಹಿಂದಿನ ನಿಯಮದಂತೆ ಕಟ್ಟಿದ ಚಾವಣಿಗಳ ಪರೀಕ್ಷೆಗೆ ದೊಡ್ಡ ಸನ್ನಾಹವೇನೂ ಬೇಕಿಲ್ಲ. ಹೊಸದಾಗಿ ಒಡೆದ ಕಾಂಕ್ರೀಟಿನ ಮೇಲೆ ಫಿನಾಲ್ಫ್ತಲೀನ್ ದ್ರಾವಣವನ್ನು ಚಿಮುಕಿಸಿದರೆ ಕ್ಷಾರವಿರುವ ಭಾಗ ಕಡುಗುಲಾಬಿಯಾಗುತ್ತದೆ. ಕ್ಷಾರವನ್ನು ಕಳೆದುಕೊಂಡ ಭಾಗ ಬಣ್ಣವಿಲ್ಲದೆ ಉಳಿಯುತ್ತದೆ. ಸಲಾಕೆಯು ಗುಲಾಬಿಯ ಒಳಗಿದೆಯೋ ಹೊರಗಿದೆಯೋ ಎಂಬುದನ್ನು ಕಣ್ಣಿನಿಂದಲೇ ನೋಡಬಹುದು. ಉಪ್ಪಿನ ಪ್ರಮಾಣವನ್ನು ಮಾತ್ರ ಬೇರೆಯಾಗಿ ಅಳೆಯಬೇಕು.